ಅದು ನಮಗ ಮಾಡಿದ್ದಲ್ರಿ

ಔಟರ್ ರಿಂಗ್ ರೋಡಿನಲ್ಲಿ ಒಂದು ಸೈಕಲ್ ಲೇನ್ ಇತ್ತು ಅಂತ ಈಗ ಹೊಸದಾಗಿ ಬೆಂಗಳೂರಿಗೆ ಬಂದವರಿಗೆ ಹೇಳಿದರೆ ನಂಬೋದಿಲ್ಲ. ಇತ್ತು. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ, 17 ಕಿಲೋಮೀಟರ್ ಉದ್ದದ ಯೋಜನೆ. ಕೊರೊನಾ ಕಾಲದಲ್ಲಿ ಆಫೀಸುಗಳೆಲ್ಲ ಮನೆ ಸೇರಿ ರಸ್ತೆ ಖಾಲಿ ಹೊಡೀತಿದ್ದಾಗ, 2020ರ ಕೊನೆಯ ತಿಂಗಳುಗಳಲ್ಲಿ ಕೆಲಸ ಶುರುವಾಯ್ತು. ಅಗೆಯೋದಿಲ್ಲ, ಕಟ್ಟೋದಿಲ್ಲ, ಬರೀ ಗೆರೆ ಎಳೆದು, ನೆಲದ ಮೇಲೆ ಸೈಕಲ್ ಚಿತ್ರ ಬರೆದು, ಪ್ಲಾಸ್ಟಿಕ್ ಬೊಲಾರ್ಡ್ ನೆಟ್ಟು ಮಾಡಿದ ಲೇನು. ಪಾಪ್-ಅಪ್ ಅಂತ ಕರೆದರು. ಕೇಂದ್ರ ಸರ್ಕಾರದ ‘ಸೈಕಲ್ಸ್ ಫಾರ್ ಚೇಂಜ್’ ಸ್ಪರ್ಧೆಗೆ ನಮ್ಮ ನಗರ ಭೂಸಾರಿಗೆ ನಿರ್ದೇಶನಾಲಯ, ಅಂದ್ರೆ ಡಲ್ಟ್, ಮುಂದಿಟ್ಟ ಕೆಲಸ ಇದು. 2021ರಲ್ಲಿ ಗೆದ್ದ 11 ನಗರಗಳ ಪಟ್ಟಿಯಲ್ಲಿ ಬೆಂಗಳೂರೂ ಇತ್ತು.

ಬಹುಮಾನ ಬಂತು, ಲೇನ್ ಹೋಯ್ತು. ಅದೇ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ಬಂದಾಗ ಬ್ಯಾರಿಕೇಡ್‌ಗೆ ಜಾಗ ಬೇಕಾಯ್ತು. ಕಾರಿನ ಜಾಗವನ್ನು ಉಳಿಸೋದು ಹೇಗೆ ಅಂತ ಎಲ್ಲರೂ ತಲೆ ಕೆಡಿಸಿಕೊಂಡರು. ಸೈಕಲ್‌ನ ಜಾಗದ ಬಗ್ಗೆ ಅಷ್ಟೆಲ್ಲ ಯೋಚನೆ ನಡೆದ ಹಾಗೆ ಕಾಣಲಿಲ್ಲ. ಬಸ್ಸಿಗೆ ಅಂತ 2019ರಲ್ಲಿ ಮಾಡಿದ್ದ ಪ್ರತ್ಯೇಕ ಲೇನ್‌ಗೂ ಅಲ್ಲಿ ಇದೇ ಗತಿಯಾಯ್ತು.

ಈ ಸಾವಿಗೆ ನಾವು ಸೈಕಲ್ ಮಂದಿ ಒಂದು ಕಥೆ ಕಟ್ಟಿಕೊಂಡಿದ್ದೇವೆ. ಕಾರಿನವರು ನುಗ್ಗಿದರು, ಪೊಲೀಸರು ದಂಡ ಹಾಕಲಿಲ್ಲ, ಮೆಟ್ರೊದವರು ಕಿತ್ತರು. ಮೀಟಪ್‌ಗಳಲ್ಲಿ ಕಾಫಿ ಕುಡೀತಾ ನಾನೂ ಈ ಕಥೆಯನ್ನ ಸಾಕಷ್ಟು ಸಲ ಹೇಳಿದ್ದೇನೆ. ಅದು ಸುಳ್ಳಲ್ಲ, ಅರ್ಧ ನಿಜ. ಉಳಿದರ್ಧವನ್ನ ನನಗೆ ಹೇಳಿದ್ದು ನಮ್ಮ ಟೆಕ್ ಪಾರ್ಕಿನ ಹಿಂದಿನ ಗೇಟಿನಲ್ಲಿ ನೈಟ್ ಶಿಫ್ಟ್ ಮಾಡುವ ಸೆಕ್ಯುರಿಟಿ ಅಣ್ಣ. ರಾಯಚೂರು ಕಡೆಯವರು. ಆರೇಳು ವರ್ಷದಿಂದ ದಿನಾ ಸೈಕಲ್‌ನಲ್ಲೇ ಬರ್ತಾರೆ, ಹಳೇ ಹೀರೊ, ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್‌ಗೆ ಟ್ಯೂಬ್ ಸುತ್ತಿ ಕಟ್ಟಿದ ಊಟದ ಡಬ್ಬಿ. ಲೇನ್ ಇದ್ದಾಗ ಎಷ್ಟು ಚೆನ್ನಾಗಿತ್ತು ಅಲ್ವಾ ಅಣ್ಣ ಅಂತ ನಾನು ಹಳೇ ನೆನಪು ತೆಗೆದೆ.

“ಅದು ನಮಗ ಮಾಡಿದ್ದಲ್ರಿ ಸರ. ಟೊಪಿಗಿ ಹಾಕ್ಕೊಂಡು ಹೋಗ್ತಾರಲ್ಲ, ಅವರಿಗೆ ಮಾಡಿದ್ರು. ಒಳಗ ಹೋದ್ರ ಯಾರರ ಬೈತಾರೇನೋ ಅಂತ ನಾ ಹೊರಗಿಂದನ ಹೋಗ್ತಿದ್ದೆ.”

ಬೊಲಾರ್ಡ್ ಸಾಲಿನ ಒಳಗೆ ಖಾಲಿ ಸೈಕಲ್ ಲೇನ್. ಹೊರಗೆ ಟ್ಯಾಂಕರ್, ಕ್ಯಾಬ್‌ಗಳ ಪಕ್ಕದಲ್ಲಿ, ದಿನಾ ಎರಡು ಹೊತ್ತು ಸೈಕಲ್ ತುಳಿಯುವ ಒಬ್ಬ ಮನುಷ್ಯ. ಯಾಕಂದ್ರೆ ಅವರ ತಲೆ ಮೇಲೆ ಹೆಲ್ಮೆಟ್ ಇರಲಿಲ್ಲ.

ಆ ಲೇನನ್ನ ನಾನು ತುಂಬಾ ಇಷ್ಟಪಟ್ಟಿದ್ದೆ, ಹಾಗಾಗಿ ಅದರ ಬಗ್ಗೆ ಒಂದಿಷ್ಟು ನ್ಯಾಯವಾಗಿ ಮಾತಾಡಬೇಕು. ಮಾಡಿದವರ ಧೈರ್ಯ ದೊಡ್ಡದು. ಬೆಂಗಳೂರಿನಲ್ಲಿ ಇಂಥ ಪ್ರಯತ್ನ ಅದೇ ಮೊದಲಲ್ಲ. ಜಯನಗರದಲ್ಲಿ ಅದಕ್ಕೂ ಮುಂಚೆಯೇ ಸೈಕಲ್ ಟ್ರ್ಯಾಕ್ ಮಾಡಿ, ಅದು ನಿಧಾನಕ್ಕೆ ಕಾರು, ಸ್ಕೂಟರ್ ನಿಲ್ಲಿಸುವ ಜಾಗವಾಗಿ ಹೋಗಿತ್ತು. ಆ ಅನುಭವ ಇದ್ದೂ ಊರಿನ ಅತಿ ಕೆಟ್ಟ ರಸ್ತೆಯಲ್ಲಿ ಮತ್ತೆ ಪ್ರಯತ್ನ ಮಾಡಿದರಲ್ಲ, ಅದು ಸಣ್ಣ ಮಾತಲ್ಲ. ಪಾಪ್-ಅಪ್ ಅನ್ನೋ ಯೋಚನೆಯೂ ಸರಿಯೇ. ಹತ್ತು ವರ್ಷ ಡಿಪಿಆರ್ ಬರೀತಾ ಕೂರೋದಕ್ಕಿಂತ ನಾಲ್ಕು ಗೂಟ ನೆಟ್ಟು ನೋಡೋದು ವಾಸಿ. ಪ್ಯಾರಿಸ್, ಬೊಗೊಟಾದಂಥ ಊರುಗಳು ಅದೇ 2020ರಲ್ಲಿ ಹೀಗೇ ಶುರು ಮಾಡಿದವು, ಪ್ಯಾರಿಸ್ಸಿನ ಬಹಳಷ್ಟು ಲೇನ್‌ಗಳು ಆಮೇಲೆ ಕಾಯಂ ಆದವು. ನಾನೇ ಬೆಳಿಗ್ಗೆ ಏಳಕ್ಕೆ ಆ ಲೇನಿನಲ್ಲಿ ಹೋಗ್ತಿದ್ದಾಗ, ಹಿಂದೆ ಏನು ಬರ್ತಿದೆ ಅಂತ ಕಿವಿ ನಿಮಿರಿಸಿಕೊಳ್ಳದೆ ಪೆಡಲ್ ತುಳಿದಿದ್ದು ನೆನಪಿದೆ. ಆ ರಸ್ತೆಯಲ್ಲಿ ಅಂಥ ಸುಖ ಅದಕ್ಕೆ ಮುಂಚೆಯೂ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ.

ತೊಂದರೆ ಇದ್ದಿದ್ದು ಜಂಕ್ಷನ್‌ಗಳಲ್ಲಿ. ಸೈಕಲ್ ಹೊಡೆಯೋರು ಯಾರನ್ನ ಬೇಕಾದ್ರೂ ಕೇಳಿ, ನೇರ ರಸ್ತೆಯಲ್ಲಿ ಅಷ್ಟು ಭಯ ಆಗೋದಿಲ್ಲ. ಎಡಕ್ಕೆ ತಿರುಗೋ ಬಸ್ಸು, ಫ್ಲೈಓವರಿಗೆ ಹತ್ತೋ ಕಾರು, ಸರ್ವಿಸ್ ರೋಡಿನಿಂದ ನುಗ್ಗೋ ಬೈಕು, ಭಯ ಅಲ್ಲಿ. ನಮ್ಮ ಲೇನು ಭಯ ಇಲ್ಲದ ಕಡೆ ಬೊಲಾರ್ಡ್ ಹಿಡಿದು ಕಾಯ್ತಿತ್ತು, ಭಯ ಶುರುವಾಗೋ ಕಡೆ ‘ಹೋಗಿ ಬಾ ಮಗನೇ’ ಅಂತ ಕೈ ಬಿಡ್ತಿತ್ತು. ಮಾರತ್ತಹಳ್ಳಿಯಲ್ಲೋ ಇಬ್ಬಲೂರಿನಲ್ಲೋ ದಾಟಬೇಕಾದವನಿಗೆ ಆ ಗೆರೆಯಿಂದ ಏನೂ ಆಗಬೇಕಾಗಿರಲಿಲ್ಲ. ಇನ್ನೊಂದು, ಆ ಲೇನಿಗೆ ಬಂದು ಸೇರೋಕೆ ದಾರಿ ಇರಲಿಲ್ಲ. ಅಲ್ಲಿ ಕೆಲಸ ಮಾಡೋರಲ್ಲಿ ಎಷ್ಟೋ ಜನ ಇರೋದು ಪಾಣತ್ತೂರು, ದೊಡ್ಡಕನ್ನೆಲ್ಲಿ, ಬೆಳ್ಳಂದೂರಿನ ಒಳಗೆ. ಆ ಒಳರಸ್ತೆಗಳು ಹೇಗಿವೆ ಅಂತ ಅಲ್ಲಿರೋರಿಗೆ ನಾನು ವಿವರಿಸಬೇಕಾಗಿಲ್ಲ. ಮೂರು ಕಿಲೋಮೀಟರ್ ಜೀವ ಕೈಯಲ್ಲಿ ಹಿಡ್ಕೊಂಡು ಬಂದು, ಎರಡು ಕಿಲೋಮೀಟರ್ ಲೇನಿನಲ್ಲಿ ಆರಾಮಾಗಿ ಹೋಗಿ ಅನ್ನೋದು ಯಾವ ಲೆಕ್ಕ?

ಸ್ಪೇನಿನ ಸೆವಿಲ್ ಇದನ್ನ ಉಲ್ಟಾ ಮಾಡಿತ್ತು. 2006-07ರಲ್ಲಿ, ಸುಮಾರು ಒಂದೂವರೆ ವರ್ಷದಲ್ಲಿ, ಹತ್ತಿರ ಹತ್ತಿರ 80 ಕಿಲೋಮೀಟರ್ ಸೈಕಲ್ ದಾರಿ ಹಾಕಿದರು. ಒಂದಕ್ಕೊಂದು ಕೂಡಿಕೊಂಡಿದ್ದ, ರಸ್ತೆಯಿಂದ ಬೇರೆ ಮಾಡಿದ್ದ, ಬಹುಪಾಲು ಕಾರ್ ಪಾರ್ಕಿಂಗ್ ಜಾಗವನ್ನೇ ತೆಗೆದು ಮಾಡಿದ್ದ ದಾರಿಗಳು. ಅಲ್ಲಿವರೆಗೆ ಆ ಊರಿನಲ್ಲಿ ಸೈಕಲ್ ಹೊಡೀತಿದ್ದವರು ನೂರಕ್ಕೆ ಒಬ್ಬರೂ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ಸುಮಾರು ಹತ್ತು ಪಟ್ಟು ಏರಿತು. ನಮ್ಮಲ್ಲಿ ಬಿಸಿಲು ಸಾರ್, ಇಲ್ಲಿ ಆಗಲ್ಲ ಅನ್ನೋರು ಗಮನಿಸಿ: ಸೆವಿಲ್ಲಿನ ಬೇಸಿಗೆ 40 ಡಿಗ್ರಿ ದಾಟುತ್ತೆ. ಬೆಂಗಳೂರಿನ ಹವಾಮಾನದ ಬಗ್ಗೆ ಇನ್ನೂ ಜಂಬ ಕೊಚ್ಚಿಕೊಳ್ಳೋ ನಾವು ಈ ನೆವ ಹೇಳಬಾರದು.

ಆದರೆ ಸೆವಿಲ್ ಉದಾಹರಣೆ ಕೊಡೋದು ಸುಲಭ. ನಾನು ಮತ್ತೆ ಸೆಕ್ಯುರಿಟಿ ಅಣ್ಣನ ಮಾತಿಗೆ ಬರ್ತೀನಿ, ಯಾಕಂದ್ರೆ ಅವರು ಹೇಳಿದ್ದು ಡಿಸೈನಿನ ದೋಷ ಅಲ್ಲ, ನಮ್ಮ ದೋಷ.

ಈ ಊರಿನಲ್ಲಿ ಸೈಕಲ್ ಪರ ಮಾತಾಡಿದವರು ಯಾರು? ನಾವೇ. ಕಬ್ಬನ್ ಪಾರ್ಕಿನಲ್ಲಿ ಸೈಕಲ್ ಡೇ ಆದಾಗ ಟೀ ಶರ್ಟ್ ಹಾಕಿಕೊಂಡು ಹೋದವರು, ಆಫೀಸಿಗೆ ಸೈಕಲ್‌ನಲ್ಲಿ ಹೋಗಿ ಆ್ಯಪ್‌ನಲ್ಲಿ ಕಿಲೋಮೀಟರ್ ದಾಖಲಿಸಿದವರು. ‘ಸೈಕಲ್ ಟು ವರ್ಕ್’ ಅಂತ ಕಂಪನಿಗಳ ನಡುವೆ ಪೈಪೋಟಿ ನಡೆಯಿತು, ಲೀಡರ್‌ಬೋರ್ಡ್ ಬಂತು. ತಪ್ಪಿಲ್ಲ. ಅಂಥ ಅಂಕಿ ಇಲ್ಲದೆ ಇದ್ದಿದ್ರೆ ಅಧಿಕಾರಿಗಳ ಮುಂದೆ ಕೂತು ಮಾತಾಡೋಕೂ ಆಗ್ತಿರಲಿಲ್ಲ. ಆದರೆ ಆ ಅಂಕಿಯಲ್ಲಿ ಯಾರಿದ್ದರು ನೋಡಿ: ಸ್ಮಾರ್ಟ್‌ಫೋನು, ಆ್ಯಪು, ಕಂಪನಿಯ ಐಡಿ ಕಾರ್ಡು ಮೂರೂ ಇದ್ದವರು. ರಾತ್ರಿ ಹನ್ನೊಂದಕ್ಕೆ ಸೈಕಲ್ ಹಿಂದೆ ಫ್ಲಾಸ್ಕ್ ಕಟ್ಟಿಕೊಂಡು ಟೀ ಮಾರುವವರ ಕಿಲೋಮೀಟರ್ ಯಾವ ಬೋರ್ಡಿನಲ್ಲೂ ಏರಲಿಲ್ಲ. ಪೇಪರ್ ಹಾಕುವ ಹುಡುಗರದ್ದು, ಹೌಸ್‌ಕೀಪಿಂಗಿಗೆ ಬೆಳಿಗ್ಗೆ ಆರಕ್ಕೆ ಬರುವವರದ್ದು, ಕಟ್ಟಡ ಕೆಲಸದವರದ್ದು ಯಾವುದೂ ಇಲ್ಲ. ಆಮೇಲೆ ಟಿವಿಯವರು ಮೈಕ್ ಹಿಡಿದು ಬೆಳಿಗ್ಗೆ ಹನ್ನೊಂದಕ್ಕೆ ಖಾಲಿ ಲೇನ್ ತೋರಿಸಿ ‘ಇಲ್ಲಿ ಸೈಕಲ್ ಹೊಡೆಯೋರು ಯಾರ್ರೀ’ ಅಂತ ಕೇಳಿದಾಗ ನಮ್ಮ ಬಳಿ ತೋರಿಸೋಕೆ ನಮ್ಮದೇ ಮುಖಗಳು ಮಾತ್ರ ಇದ್ದವು. ನಮ್ಮನ್ನ ‘ಹವ್ಯಾಸಿಗಳು’ ಅಂತ ತಳ್ಳಿ ಹಾಕೋದು ಸುಲಭ, ಯಾಕಂದ್ರೆ ನಾವು ಹವ್ಯಾಸಿಗಳೇ. ಮಳೆ ಬಂದ್ರೆ ಕ್ಯಾಬ್ ಬುಕ್ ಮಾಡ್ತೀವಿ.

2011ರ ಜನಗಣತಿಯಲ್ಲಿ ಒಂದು ಲೆಕ್ಕ ಇದೆ. ದೇಶದಲ್ಲಿ, ಬೇಸಾಯ ಮತ್ತು ಮನೆಗೆಲಸದ ಉದ್ದಿಮೆ ಬಿಟ್ಟು ಉಳಿದ ಕೆಲಸಕ್ಕೆ ಹೋಗುವವರಲ್ಲಿ ನೂರಕ್ಕೆ ಸುಮಾರು 13 ಜನ ಸೈಕಲ್‌ನಲ್ಲಿ ಹೋಗ್ತಿದ್ದರು. ಕಾರಿನಲ್ಲಿ ಹೋಗ್ತಿದ್ದವರು ಮೂರಕ್ಕಿಂತ ಕಮ್ಮಿ. ಹಳೇ ಲೆಕ್ಕ, ಒಪ್ಪಿದೆ. ಬೈಕು, ಸ್ಕೂಟರ್ ಆಮೇಲೆ ಎಲ್ಲವನ್ನೂ ನುಂಗಿವೆ. ಆದರೂ ನಾವು ‘ಸೈಕಲ್ ಸಂಸ್ಕೃತಿ ತರಬೇಕು’ ಅಂತ ಪೋಸ್ಟರ್ ಮಾಡ್ತಿದ್ದಾಗ ಆ ಸಂಸ್ಕೃತಿ ನಮ್ಮ ಪಕ್ಕದಲ್ಲೇ, ಬ್ರೇಕಿಲ್ಲದ ಸೈಕಲ್‌ನಲ್ಲಿ ಹಾದು ಹೋಗ್ತಿತ್ತು. 2020ರ ಜೂನ್ 3, ವಿಶ್ವ ಸೈಕಲ್ ದಿನ. ಅವತ್ತೇ ಅಟ್ಲಾಸ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆಯಲ್ಲಿ ಕೆಲಸ ನಿಲ್ಲಿಸಿತು. ಅದೇ ತಿಂಗಳ ಕೊನೆಗೆ ‘ಸೈಕಲ್ಸ್ ಫಾರ್ ಚೇಂಜ್’ ಘೋಷಣೆ ಆಯ್ತು. ಇದಕ್ಕೆ ಅದು ಕಾರಣ ಅಂತ ಹೇಳ್ತಿಲ್ಲ. ಆದರೆ ಯಾರ ಸೈಕಲ್ ಮುಗೀತು, ಯಾರ ಸೈಕಲ್ ಶುರುವಾಯ್ತು ಅನ್ನೋದು ಆ ಒಂದು ತಿಂಗಳಲ್ಲಿ ಚೆನ್ನಾಗೇ ಕಾಣುತ್ತೆ.

ಡಿ ಸಿಕಾನ ‘ಬೈಸಿಕಲ್ ಥೀವ್ಸ್’ ನೋಡಿದವರಿಗೆ ಗೊತ್ತು, ಅದರಲ್ಲಿ ಸೈಕಲ್ ಇಲ್ಲ ಅಂದ್ರೆ ಪೋಸ್ಟರ್ ಅಂಟಿಸೋ ಕೆಲಸ ಇಲ್ಲ, ಕೆಲಸ ಇಲ್ಲ ಅಂದ್ರೆ ಊಟ ಇಲ್ಲ. ಅದಕ್ಕೇ ಮನೆಯ ಹಾಸಿಗೆ ಹೊದಿಕೆ ಅಡವಿಟ್ಟು ಸೈಕಲ್ ಬಿಡಿಸಿಕೊಳ್ತಾರೆ. ನಾವು ಆ ಸಿನಿಮಾವನ್ನ ಫಿಲ್ಮ್ ಕ್ಲಬ್ಬಿನಲ್ಲಿ ನೋಡಿ ಕಣ್ಣೊರೆಸಿಕೊಂಡು, ಹೊರಗೆ ಬಂದು ಕಾರ್ಬನ್ ಫ್ರೇಮಿನ ತೂಕ ಚರ್ಚೆ ಮಾಡ್ತೀವಿ. ನಾನೂ ಮಾಡಿದ್ದೇನೆ. ನನ್ನ ಸೈಕಲ್ಲಿನ ಬೆಲೆ ಇಲ್ಲಿ ಬರೆಯೋದಿಲ್ಲ, ಮನೆಯಲ್ಲಿ ಓದ್ತಾರೆ.

ಇದು ಬರೀ ಮುಜುಗರದ ಮಾತಾಗಿದ್ರೆ ಬಿಡಬಹುದಿತ್ತು. ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491. ಅದರಲ್ಲಿ ನೂರಕ್ಕೆ ಸುಮಾರು ಮೂರು ಜನ ಸೈಕಲ್ ಸವಾರರು, ನಡೆದು ಹೋಗ್ತಿದ್ದವರು ನೂರಕ್ಕೆ ಹತ್ತೊಂಬತ್ತಕ್ಕೂ ಹೆಚ್ಚು. ವೀಕೆಂಡಿನಲ್ಲಿ ಗುಂಪಾಗಿ, ರಸ್ತೆ ಖಾಲಿ ಇರೋ ಹೊತ್ತು ನೋಡಿ ನಂದಿ ಬೆಟ್ಟಕ್ಕೆ ಹೋಗೋ ಆಯ್ಕೆ ನಮಗಿದೆ. ಹಿಂದೆ ಲೈಟಿಲ್ಲದ, ರಿಫ್ಲೆಕ್ಟರ್ ಉದುರಿ ಹೋದ ಸೈಕಲ್‌ನಲ್ಲಿ ರಾತ್ರಿ ಶಿಫ್ಟಿಗೆ ಹೋಗುವವರಿಗೆ ಹೊತ್ತು ನೋಡೋ ಆಯ್ಕೆ ಇಲ್ಲ. ಲೇನು ಯಾರಿಗೆ ಎಲ್ಲರಿಗಿಂತ ಮೊದಲು ಬೇಕಿತ್ತೋ ಅವರು ಅದರ ಹೊರಗೇ ಇದ್ದರು.

ನೆದರ್ಲೆಂಡ್ಸ್ ಅಂದ ಕೂಡಲೆ ನಮಗೆ ಟುಲಿಪ್, ಸೈಕಲ್ ನೆನಪಾಗುತ್ತೆ. 1970ರ ದಶಕದ ಆರಂಭದಲ್ಲಿ ಅಲ್ಲೂ ರಸ್ತೆಗಳು ಕಾರಿನವರದ್ದೇ ಆಗಿದ್ದವು, ವರ್ಷಕ್ಕೆ ಮೂರು ಸಾವಿರಕ್ಕೂ ಹೆಚ್ಚು ಜನ ಸಾಯ್ತಿದ್ದರು, ಅದರಲ್ಲಿ ನೂರಾರು ಮಕ್ಕಳು. ಆಗ ಬೀದಿಗಿಳಿದ ಚಳವಳಿಯ ಹೆಸರು ‘ಮಕ್ಕಳ ಕೊಲೆ ನಿಲ್ಲಿಸಿ’ ಅಂತ. ಸೈಕಲ್ ಒಳ್ಳೇದು, ಪರಿಸರ, ಫಿಟ್‌ನೆಸ್ ಯಾವುದೂ ಆ ಹೆಸರಲ್ಲಿ ಇಲ್ಲ. ಯಾರು ಸಾಯ್ತಿದ್ದಾರೆ ಅನ್ನೋದು ಮಾತ್ರ ಇತ್ತು. ಅದಕ್ಕೆ ಎದುರಾಡೋದು ಯಾವ ಮಂತ್ರಿಗಾದ್ರೂ ಕಷ್ಟ. ನಮ್ಮ ಘೋಷಣೆಗಳನ್ನ ಪಕ್ಕದಲ್ಲಿಟ್ಟು ನೋಡಿದ್ರೆ ಎಲ್ಲ ಜಿಮ್ಮಿನ ಜಾಹೀರಾತಿನ ಹಾಗಿವೆ.

ಮೆಟ್ರೊ ಕೆಲಸ ಮುಗಿದ ಮೇಲೆ ಆ ರಸ್ತೆಯನ್ನ ಮತ್ತೆ ಕಟ್ಟಬೇಕು. ಫುಟ್‌ಪಾತು, ಸರ್ವಿಸ್ ರೋಡು, ಸೈಕಲ್ ದಾರಿ ಎಲ್ಲ ಮತ್ತೆ ಚರ್ಚೆಗೆ ಬರುತ್ತೆ, ನಮ್ಮನ್ನೂ ಕರೀತಾರೆ. ಆಗ ನಾವು ಯಾವ ಲೆಕ್ಕ ತೆಗೆದುಕೊಂಡು ಹೋಗ್ತೀವಿ ಅನ್ನೋದೇ ನನ್ನ ಚಿಂತೆ. ಆ್ಯಪಿನ ಲೆಕ್ಕ ಇರಲಿ. ಅದರ ಜೊತೆ ಬೆಳಿಗ್ಗೆ ಐದೂವರೆಯಿಂದ ಏಳು, ರಾತ್ರಿ ಎಂಟರಿಂದ ಹತ್ತು, ಶಿಫ್ಟ್ ಬದಲಾಗುವ ಹೊತ್ತಿಗೆ ಹಿಂದಿನ ಗೇಟುಗಳಲ್ಲಿ ನಿಂತು ಎಣಿಸಿದ ಲೆಕ್ಕವೂ ಬೇಕು. ಜಂಕ್ಷನ್ ಮೊದಲು, ಉದ್ದ ಆಮೇಲೆ ಅಂತ ಹೇಳಬೇಕು. ಒಳರಸ್ತೆಗಳಲ್ಲಿ 30 ಕಿಲೋಮೀಟರ್ ವೇಗದ ಮಿತಿ, ಉಬ್ಬು, ಬೀದಿ ದೀಪ ಕೇಳಬೇಕು. ಅಲ್ಲಿ ಬೇರೆ ಲೇನ್ ಬೇಕಾಗಿಯೇ ಇಲ್ಲ, ಗಾಡಿಗಳು ನಿಧಾನಕ್ಕೆ ಹೋದ್ರೆ ಸಾಕು. ಮತ್ತೆ ಬೋರ್ಡಿನಲ್ಲಿ ಹೆಲ್ಮೆಟ್ ಹಾಕಿದ ಸವಾರನ ಚಿತ್ರ ಬೇಡ. ಕ್ಯಾರಿಯರ್ ಇರೋ ಸೈಕಲ್ ಬರೆಯಲಿ.

ಕಳೆದ ತಿಂಗಳು ಎರಡು ದಿನ ಸಂಜೆ ನಾನೇ ನಮ್ಮ ಹಿಂದಿನ ಗೇಟಿನಲ್ಲಿ ನಿಂತೆ. ಎಂಟರಿಂದ ಒಂಬತ್ತರೊಳಗೆ ಮೊದಲ ದಿನ 41 ಸೈಕಲ್, ಎರಡನೇ ದಿನ 38. ಅಷ್ಟೂ ಟ್ರಾನ್ಸ್‌ಫಾರ್ಮರ್ ಬೇಲಿಗೆ ಒರಗಿಸಿ ನಿಲ್ಲಿಸ್ತಾರೆ, ಮಳೆಯಲ್ಲಿ ನೆನೆಯುತ್ತವೆ. ಬೇಸ್‌ಮೆಂಟಿನಲ್ಲಿ ನಮಗೆ ಅಂತ ಇರುವ ಸ್ಟ್ಯಾಂಡಿನಲ್ಲಿ ಅವತ್ತು ಇದ್ದಿದ್ದು ನಾಲ್ಕು, ಒಂದರ ಚಕ್ರಕ್ಕೆ ಗಾಳಿ ಇಲ್ಲ, ಜೇಡ ಬಲೆ ಕಟ್ಟಿದೆ. ಅವರ ಸೈಕಲ್ಲುಗಳನ್ನೂ ಒಳಗೆ ಬಿಡಬಹುದಾ ಅಂತ ಅಡ್ಮಿನ್‌ಗೆ ಮೇಲ್ ಹಾಕಿದೆ. ವೆಂಡರ್ ಸ್ಟಾಫ್‌ಗೆ ಬೇಸ್‌ಮೆಂಟ್ ಆ್ಯಕ್ಸೆಸ್ ಇಲ್ಲ ಅಂತ ಒಂದು ಸಾಲಿನ ಉತ್ತರ ಬಂತು. ಇನ್ನೊಂದು ಮೇಲ್ ಹಾಕಿದ್ದೇನೆ, ಈ ಸಲ ಫೋಟೋ ಸಮೇತ.