ಸಮ್ಮೇಳನದಿಂದ ಏನನ್ನು ಹೊತ್ತು ತರಬೇಕು?

ನೀವು ಅಧ್ಯಾಪಕರಾಗಿರಲಿ, ಸ್ನಾತಕೋತ್ತರ ವಿದ್ಯಾರ್ಥಿಯಾಗಿರಲಿ, ಒಂದಲ್ಲ ಒಂದು ಸಮ್ಮೇಳನಕ್ಕೆ ಹೋಗಿಯೇ ಇರುತ್ತೀರಿ. ದೀಪ ಬೆಳಗುವುದು, ಹೂಗುಚ್ಛ, ಊಟ, ಸಂಜೆ ಪ್ರಮಾಣಪತ್ರ. ಕೆಲವು ವರ್ಷಗಳ ಹಿಂದೆ ನಾನು ಭಾಗವಹಿಸಿದ್ದ ಒಂದು ಸಮ್ಮೇಳನದಲ್ಲಿ ಊಟದ ನಂತರದ ಗೋಷ್ಠಿಗೆ ಉಳಿದವರು ಐದು ಮಂದಿ. ಒಬ್ಬರು ಪ್ರಬಂಧ ಮಂಡಿಸುತ್ತಿದ್ದರು. ಉಳಿದ ನಾಲ್ವರು ತಮ್ಮ ಸರದಿಗೆ ಕಾಯುತ್ತಿದ್ದರು. ಯಾರೂ ಪ್ರಶ್ನೆ ಕೇಳಲಿಲ್ಲ. ಪ್ರಮಾಣಪತ್ರ ಮಾತ್ರ ಎಲ್ಲರಿಗೂ ಸಿಕ್ಕಿತು.

ಹಾಗಾದರೆ ಸಮ್ಮೇಳನವೆಂಬುದು ಯಾವುದಕ್ಕೆ? ಗಣಕ ವಿಜ್ಞಾನದ ಎರಡು ಅಂತಾರಾಷ್ಟ್ರೀಯ ಸಮ್ಮೇಳನ ಮಾಲೆಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸೋಣ. ಒಂದು, ಲಾಜಿಕ್ ಪ್ರೋಗ್ರಾಮಿಂಗ್‌ನ ಐಸಿಎಲ್‌ಪಿ. ಇನ್ನೊಂದು, ಬಹು ಏಜೆಂಟ್ ವ್ಯವಸ್ಥೆಗಳ ಎಎಎಂಎಎಸ್. ಇವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಗಣಕ ವಿಜ್ಞಾನದಲ್ಲಿ ಹೊಸ ಫಲಿತಾಂಶಗಳು ಬಹುಮಟ್ಟಿಗೆ ಮೊದಲು ಬೆಳಕು ಕಾಣುವುದು ನಿಯತಕಾಲಿಕಗಳಲ್ಲಲ್ಲ, ಸಮ್ಮೇಳನಗಳಲ್ಲಿ. ಹೀಗಾಗಿ ಸಮ್ಮೇಳನದ ಗುಣದೋಷಗಳು ವಿಜ್ಞಾನದ ಗುಣದೋಷಗಳೇ ಆಗುತ್ತವೆ.

ಎರಡು ಕೂಟಗಳು

ಪ್ರೊಲಾಗ್ ಭಾಷೆ ಹುಟ್ಟಿದ್ದು 1972ರಲ್ಲಿ, ಫ್ರಾನ್ಸಿನ ಮಾರ್ಸೆಯಲ್ಲಿ. ಅಲೆನ್ ಕೊಲ್ಮೆರೊವರ್ ಮತ್ತು ಫಿಲಿಪ್ ರೂಸೆಲ್ ಅದನ್ನು ರೂಪಿಸಿದರು. ತರ್ಕವಾಕ್ಯಗಳನ್ನೇ ಕ್ರಮವಿಧಿಯಾಗಿ ಓದಬಹುದೆಂಬ ತಾತ್ವಿಕ ನೆಲೆಗೆ ರಾಬರ್ಟ್ ಕೊವಾಲ್ಸ್ಕಿಯವರ ಕೊಡುಗೆ ದೊಡ್ಡದು. ಹತ್ತು ವರ್ಷಗಳ ಬಳಿಕ, 1982ರಲ್ಲಿ, ಮೊದಲ ಐಸಿಎಲ್‌ಪಿ ನಡೆದದ್ದೂ ಅದೇ ಊರಿನಲ್ಲಿ. ಎಎಎಂಎಎಸ್ ಕಿರಿಯದು. ಬೇರೆ ಬೇರೆಯಾಗಿ ನಡೆಯುತ್ತಿದ್ದ ಮೂರು ಕೂಟಗಳು ಒಂದಾಗಿ, 2002ರಲ್ಲಿ ಇಟಲಿಯ ಬೊಲೋನ್ಯದಲ್ಲಿ ಅದು ಆರಂಭವಾಯಿತು.

ಸಮ್ಮೇಳನವೊಂದು ಏನು ಕೊಡಬಲ್ಲದು ಎಂಬುದಕ್ಕೆ ಒಂದು ನಿದರ್ಶನ ನೋಡಿ. 1988ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ನಡೆದ ಐಸಿಎಲ್‌ಪಿಯಲ್ಲಿ ಮೈಕೆಲ್ ಗೆಲ್ಫಾಂಡ್ ಮತ್ತು ವ್ಲಾದಿಮಿರ್ ಲಿಫ್‌ಶಿಟ್ಸ್ ಹನ್ನೊಂದು ಪುಟಗಳ ಪ್ರಬಂಧ ಮಂಡಿಸಿದರು. 'ಇಲ್ಲ' ಎಂಬ ಮಾತಿಗೆ ಕ್ರಮವಿಧಿಯಲ್ಲಿ ಏನರ್ಥ ಎಂಬುದು ಅವರ ಪ್ರಶ್ನೆ. ಅದನ್ನು ನಮ್ಮ ಶಾಲೆಗೆ ತಂದು ನೋಡೋಣ. ಎರಡು ನಿಯಮಗಳಿವೆ:

ಗೌರಿ ಗಂಟೆ ಬಾರಿಸದಿದ್ದರೆ ಶಿವು ಬಾರಿಸುತ್ತಾನೆ.
ಶಿವು ಗಂಟೆ ಬಾರಿಸದಿದ್ದರೆ ಗೌರಿ ಬಾರಿಸುತ್ತಾಳೆ.

ಇದನ್ನು ಪ್ರೊಲಾಗ್‌ನಲ್ಲಿ ಬರೆದು 'ಗೌರಿ ಬಾರಿಸುತ್ತಾಳೆಯೇ?' ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಗೌರಿಯದನ್ನು ತಿಳಿಯಲು ಶಿವುವಿನದು ಬೇಕು, ಶಿವುವಿನದಕ್ಕೆ ಗೌರಿಯದು ಬೇಕು. ಗಣಕ ಸುತ್ತುತ್ತಲೇ ಇರುತ್ತದೆ. ಗೆಲ್ಫಾಂಡ್ ಮತ್ತು ಲಿಫ್‌ಶಿಟ್ಸ್ ಹೇಳಿದ್ದು ಇಷ್ಟು: ಉತ್ತರ ಒಂದೇ ಇರಬೇಕೆಂದೇನೂ ಇಲ್ಲ. ಗೌರಿಯೊಬ್ಬಳೇ ಬಾರಿಸುವುದು ಒಂದು 'ಸ್ಥಿರ ಮಾದರಿ'; ಶಿವು ಒಬ್ಬನೇ ಬಾರಿಸುವುದು ಇನ್ನೊಂದು. ಎರಡೂ ನಿಯಮಗಳಿಗೆ ಒಪ್ಪುತ್ತವೆ. ಈ ಕಲ್ಪನೆಯಿಂದಲೇ ಮುಂದೆ ಆನ್ಸರ್ ಸೆಟ್ ಪ್ರೋಗ್ರಾಮಿಂಗ್ ಎಂಬ ಶಾಖೆ ಬೆಳೆಯಿತು.

ಒಂದು ಕೂಟ ನಿಲ್ಲುವಲ್ಲಿ ಇನ್ನೊಂದರ ಆರಂಭ

ಈಗ ಗೌರಿ ಮತ್ತು ಶಿವು ಇಬ್ಬರನ್ನೂ ಬೇರೆ ಬೇರೆ ಏಜೆಂಟ್‌ಗಳೆಂದು, ಅಂದರೆ ತಾವೇ ನಿರ್ಧರಿಸಿ ವರ್ತಿಸುವ ಎರಡು ತಂತ್ರಾಂಶಗಳೆಂದು ಭಾವಿಸಿ. ಇಬ್ಬರ ಬಳಿಯೂ ಇವೇ ನಿಯಮಗಳಿವೆ. ಗೌರಿ 'ಶಿವು ಬಾರಿಸುವ' ಮಾದರಿಯನ್ನು ಆರಿಸಿಕೊಂಡಳು. ಶಿವು 'ಗೌರಿ ಬಾರಿಸುವ' ಮಾದರಿಯನ್ನು. ಇಬ್ಬರ ತರ್ಕವೂ ಸರಿ. ಆದರೆ ಗಂಟೆ ಬಾರಿಸಲೇ ಇಲ್ಲ! ಆಯ್ಕೆ ತಿರುವುಮುರುವಾದರೆ ಎರಡು ಸಲ ಬಾರಿಸುತ್ತದೆ. ಇಲ್ಲಿ ತಪ್ಪು ತರ್ಕದಲ್ಲಿಲ್ಲ, ಒಪ್ಪಂದದಲ್ಲಿದೆ. ಯಾರು ಯಾರಿಗೆ ಮಾತು ಕೊಟ್ಟಿದ್ದಾರೆ, ಮಾತು ತಪ್ಪಿದರೆ ಏನಾಗಬೇಕು ಎಂಬುದು ಬಹು ಏಜೆಂಟ್ ಸಂಶೋಧನೆಯ ಮುಖ್ಯ ವಸ್ತು.

ಎರಡು ಕೂಟಗಳ ನಡುವೆ ಸೇತುವೆ ಇಲ್ಲವೆಂದಲ್ಲ. 1996ರಲ್ಲಿ ನೆದರ್ಲೆಂಡ್ಸಿನ ಐಂಡ್‌ಹೋವನ್ನಿನ ಒಂದು ಕಾರ್ಯಾಗಾರದಲ್ಲಿ ಆನಂದ್ ರಾವ್ ಅವರು ಏಜೆಂಟ್‌ಸ್ಪೀಕ್ ಎಂಬ ಭಾಷೆಯನ್ನು ಮಂಡಿಸಿದರು. ಏಜೆಂಟ್‌ನ ನಂಬಿಕೆ, ಗುರಿ, ಯೋಜನೆಗಳನ್ನು ಲಾಜಿಕ್ ಪ್ರೋಗ್ರಾಮಿಂಗ್‌ಗೆ ಹತ್ತಿರದ ರೂಪದಲ್ಲಿ ಬರೆಯುವುದು ಅದರಲ್ಲಿ ಸಾಧ್ಯವಾಯಿತು. 1999ರ ಐಸಿಎಲ್‌ಪಿಯ ಜೊತೆಗೆ ನಡೆದ ಕಾರ್ಯಾಗಾರದಿಂದ ಕ್ಲೈಮಾ ಎಂಬ ಮಾಲೆ ಬೆಳೆಯಿತು. ಬಹು ಏಜೆಂಟ್ ವ್ಯವಸ್ಥೆಗಳಿಗೆ ತರ್ಕವನ್ನು ಅನ್ವಯಿಸುವುದೇ ಅದರ ಉದ್ದೇಶ.

ಆದರೂ ಈ ಪ್ರಬಂಧಗಳನ್ನು ಓದುತ್ತಾ ಹೋದರೆ ಒಂದು ಕೊರತೆ ಕಣ್ಣಿಗೆ ಬೀಳುತ್ತದೆ. ತರ್ಕದ ಕಡೆಯವರು ಪ್ರಮೇಯವನ್ನು ಸಾಧಿಸಿ, ಎರಡು ಏಜೆಂಟ್‌ಗಳ ಪುಟ್ಟ ಉದಾಹರಣೆ ಕೊಟ್ಟು, ಅನ್ವಯವನ್ನು 'ಮುಂದಿನ ಕೆಲಸ' ಎಂಬ ಕೊನೆಯ ವಾಕ್ಯಕ್ಕೆ ಬಿಡುವುದು ಸಾಮಾನ್ಯ. ಏಜೆಂಟ್‌ಗಳ ಕಡೆಯವರು ತಮ್ಮ ವ್ಯವಸ್ಥೆ ಓಡಿದ್ದನ್ನು ತೋರಿಸುತ್ತಾರೆ; ಏಕೆ ಓಡಿತು, ಎಲ್ಲಿ ನಿಲ್ಲುತ್ತದೆ ಎಂಬ ವಿವರಣೆಗೆ ಹಲವು ವೇಳೆ ಜಾಗವೇ ಇರುವುದಿಲ್ಲ. ಎಂಟು ಪುಟಗಳ ಮಿತಿ, ನಿಗದಿತ ಕೊನೆಯ ದಿನಾಂಕ, ನಾಲ್ಕರಲ್ಲಿ ಸುಮಾರು ಒಂದಕ್ಕೆ ಮಾತ್ರ ಸ್ವೀಕಾರ. ಇಂಥ ಪೈಪೋಟಿಯಲ್ಲಿ ಸೋಲನ್ನು ಪ್ರಾಮಾಣಿಕವಾಗಿ ಬರೆಯಲು ಧೈರ್ಯ ಬೇಕು.

ಇದಕ್ಕೆ ಸಂಶೋಧಕರೇ ಕಂಡುಕೊಂಡ ಎರಡು ಮದ್ದುಗಳನ್ನು ಮೆಚ್ಚಬೇಕು. 2010ರಿಂದ ಐಸಿಎಲ್‌ಪಿಯ ಮುಖ್ಯ ಪ್ರಬಂಧಗಳು ಸಮ್ಮೇಳನದ ಸಂಕಲನದ ಬದಲು ನಿಯತಕಾಲಿಕವೊಂದರ ವಿಶೇಷ ಸಂಚಿಕೆಯಲ್ಲಿ ಅಚ್ಚಾಗತೊಡಗಿದವು. ಪರಿಶೀಲಕರ ಟಿಪ್ಪಣಿಗೆ ಉತ್ತರಿಸಿ ತಿದ್ದಲು ಲೇಖಕರಿಗೆ ಅವಕಾಶ ದೊರೆಯಿತು. ಎರಡನೆಯದು, ಕ್ಲೈಮಾದ ಜೊತೆ 2005ರಲ್ಲಿ ಆರಂಭವಾದ ಏಜೆಂಟ್ ಸ್ಪರ್ಧೆ. ಒಮ್ಮೆ ಚಿನ್ನ ಹೆಕ್ಕುವ ಆಟ. 2008ರಿಂದ ಕೆಲವು ವರ್ಷ ದನ ಅಟ್ಟುವ ಆಟ! ಪರದೆಯ ಮೇಲಿನ ದನಗಳನ್ನು ಏಜೆಂಟ್‌ಗಳ ತಂಡ ದೊಡ್ಡಿಗೆ ಸೇರಿಸಬೇಕು. 2009ರಲ್ಲಿ ಬೇಲಿಗಳನ್ನೂ ಸೇರಿಸಿದರು. ಗುಂಡಿಯ ಬಳಿ ಒಬ್ಬರು ನಿಂತಿದ್ದರೆ ಮಾತ್ರ ಬೇಲಿ ತೆರೆದಿರುತ್ತದೆ. ತೆರೆದವರೇ ದಾಟುವಂತಿಲ್ಲ, ಜೊತೆಗಾರರು ಬೇಕು. ದನ ಮೇಯಿಸಿದ ಯಾವ ಹುಡುಗನಿಗೂ ಈ ಕಷ್ಟ ಗೊತ್ತು. ಪ್ರಬಂಧದಲ್ಲಿ ಸುಂದರವಾಗಿ ಕಾಣುವ ಸಹಕಾರ ಇಲ್ಲಿ ಎಲ್ಲರ ಕಣ್ಣೆದುರೇ ಪರೀಕ್ಷೆಗೆ ಒಳಗಾಗುತ್ತದೆ.

ನಮ್ಮ ಪಾಲು

ಇವೆಲ್ಲ ನಮಗೆ ದೂರದ ಮಾತೇ? ಅಲ್ಲ. ಸೈದ್ಧಾಂತಿಕ ಗಣಕ ವಿಜ್ಞಾನದ ಎಫ್‌ಎಸ್‌ಟಿಟಿಸಿಎಸ್ ಸಮ್ಮೇಳನ ಆರಂಭವಾದದ್ದು 1981ರಲ್ಲಿ, ಬೆಂಗಳೂರಿನಲ್ಲಿ. ಐಸಿಎಲ್‌ಪಿಯೂ 2003ರ ಡಿಸೆಂಬರ್‌ನಲ್ಲಿ ಮುಂಬಯಿಗೆ ಬಂದಿತ್ತು. ಆದರೆ ಎಎಎಂಎಎಸ್ 2002ರಿಂದ 2025ರವರೆಗೆ ಒಮ್ಮೆಯೂ ಭಾರತದಲ್ಲಿ ನಡೆದಿಲ್ಲ. ಪ್ರಯಾಣ ಮತ್ತು ನೋಂದಣಿಯ ಖರ್ಚು ನಮ್ಮ ತಾಲ್ಲೂಕು ಕೇಂದ್ರದ ಕಾಲೇಜಿನ ಅಧ್ಯಾಪಕರ ಕೈಗೆಟುಕುವಂಥದ್ದಲ್ಲ. 2020ರ ಸಾಂಕ್ರಾಮಿಕದ ವರ್ಷ ಎರಡೂ ಸಮ್ಮೇಳನಗಳು ಅಂತರಜಾಲದಲ್ಲಿ ನಡೆದಾಗ ದೂರದವರೂ ಕೇಳುವಂತಾಯಿತು. ಆದರೆ ಚಹಾ ವಿರಾಮದಲ್ಲಿ ಹಿರಿಯರೊಬ್ಬರನ್ನು ತಡೆದು ನಿಲ್ಲಿಸಿ ಪ್ರಶ್ನೆ ಕೇಳುವ ಅವಕಾಶ ಪರದೆಯಲ್ಲಿ ಸಿಗಲಿಲ್ಲ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2010ರ ನಿಯಮಗಳು ಪ್ರಬಂಧ ಮಂಡನೆಗೆ ಅಂಕ ನೀಡಿದವು. ಉದ್ದೇಶ ಒಳ್ಳೆಯದೇ. ಆದರೆ ಅಂಕಕ್ಕಾಗಿ ಮಂಡಿಸುವವರಿಗೆ ಕೇಳುಗರ ಅಗತ್ಯ ಬೀಳುವುದಿಲ್ಲ. ಮೊದಲು ಹೇಳಿದ ಆ ಐದು ಮಂದಿಯ ಗೋಷ್ಠಿಯನ್ನು ನೆನಪಿಸಿಕೊಳ್ಳಿ.

ಆದ್ದರಿಂದ ನಿಮಗೊಂದು ಸಲಹೆ. ಮುಂದಿನ ಸಮ್ಮೇಳನಕ್ಕೆ ಹೊರಡುವ ಮುನ್ನ ಮೂರು ಪ್ರಬಂಧಗಳನ್ನು ಆರಿಸಿ ಓದಿ, ಪ್ರತಿಯೊಂದಕ್ಕೂ ಒಂದು ಪ್ರಶ್ನೆ ಬರೆದಿಟ್ಟುಕೊಳ್ಳಿ. ಹೋಗಲಾಗದಿದ್ದರೆ ಬೇಸರ ಬೇಡ. ಎಎಎಂಎಎಸ್‌ನ ಪ್ರಬಂಧಗಳೂ 2008ರಿಂದೀಚಿನ ಎಫ್‌ಎಸ್‌ಟಿಟಿಸಿಎಸ್‌ನ ಪ್ರಬಂಧಗಳೂ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ವಾರಕ್ಕೊಂದು ಮಧ್ಯಾಹ್ನ ನಾಲ್ಕು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಒಂದನ್ನು ಓದಿ. ಗೊತ್ತಾಗದ ಸಾಲಿನ ಕೆಳಗೆ ಗೆರೆ ಎಳೆಯಿರಿ. ಅದೂ ಒಂದು ಸಮ್ಮೇಳನವೇ.

ಇದು ಇಂದು ಹಿಂದೆಂದಿಗಿಂತ ಅಗತ್ಯ. ಭಾಷಾ ಮಾದರಿಗಳನ್ನು ಆಧರಿಸಿದ 'ಏಜೆಂಟ್'ಗಳ ಹೆಸರು ಈಗ ಎಲ್ಲರ ಬಾಯಲ್ಲಿದೆ. ಅವು ನಮ್ಮ ಪರವಾಗಿ ಟಿಕೆಟ್ ಕಾದಿರಿಸಬಹುದು, ಪತ್ರ ಬರೆಯಬಹುದು. ಆದರೆ ಅಂಥ ಎರಡು ಏಜೆಂಟ್‌ಗಳು ಎದುರುಬದುರಾದಾಗ ಗಂಟೆ ಬಾರಿಸುವವರು ಯಾರು? ಆ ಪ್ರಶ್ನೆಯನ್ನು ಈ ಎರಡು ಕೂಟಗಳು ದಶಕಗಳಿಂದ ಕೇಳುತ್ತಾ ಬಂದಿವೆ. ಪ್ರಮಾಣಪತ್ರದ ಬದಲು ಅದನ್ನು ಮನೆಗೆ ಹೊತ್ತು ತಂದರೆ ಸಮ್ಮೇಳನಕ್ಕೆ ಹೋದದ್ದು ಸಾರ್ಥಕ.