ಮೂರು ದಿನ ಹೆಚ್ಚಿಗೆ ಇಟ್ಟುಕೊಳ್ಳಿ

ಕೋರ, ಗುಬ್ಬಿ, ಕುಣಿಗಲ್ ಕಡೆಯವರಿಗೆ ಬೆಟ್ಟ ಹತ್ತುವುದು ಹೊಸದಲ್ಲ. ದೇವರಾಯನದುರ್ಗ, ಶಿವಗಂಗೆ, ಮಧುಗಿರಿಯ ಏಕಶಿಲಾ ಬೆಟ್ಟ ಎಲ್ಲವೂ ಕೈಗೆಟಕುವಷ್ಟು ಹತ್ತಿರ. ಇವನ್ನು ಹತ್ತಿ ಪಳಗಿದವರಲ್ಲಿ ಹಲವರಿಗೆ ಹಿಮದ ಶಿಖರವೊಂದನ್ನು ಏರುವ ಆಸೆ ಮೂಡುತ್ತದೆ. ಹಗ್ಗ ಹಿಡಿದು ಮಂಜುಗಡ್ಡೆಯ ಗೋಡೆ ಏರುವ ಪರಿಣತಿ ಇಲ್ಲದೆ ನಡೆದೇ ಹತ್ತಬಹುದಾದ ಶಿಖರಗಳೂ ಹಿಮಾಲಯದಲ್ಲಿವೆ. ಮನಾಲಿ–ಲೇಹ್ ರಸ್ತೆಯ ಬದಿಯಲ್ಲಿರುವ ಸುಮಾರು 6,100 ಮೀಟರ್ ಎತ್ತರದ ಯೂನಮ್ ಅಂಥದೊಂದು. ಇದಕ್ಕೆ ತಯಾರಿ ಎಂದರೆ ಓಟ, ಬಸ್ಕಿ, ಒಳ್ಳೆಯ ಬೂಟು ಎಂದು ಬಹಳಷ್ಟು ಮಂದಿ ತಿಳಿದಿದ್ದಾರೆ. ಅವೆಲ್ಲ ಬೇಕು, ನಿಜ. ಆದರೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ರಜೆ. ಎಷ್ಟು ದಿನ ಕೈಯಲ್ಲಿಟ್ಟುಕೊಂಡು ಹೊರಡುತ್ತೀರಿ ಎಂಬುದರ ಮೇಲೆಯೇ ಉಳಿದದ್ದೆಲ್ಲ ನಿಂತಿದೆ.

ನಮ್ಮ ಬೆಟ್ಟಗಳು ಕಲಿಸುವುದು ಕಡಿಮೆಯೇನಲ್ಲ. ಹತ್ತು ಕಿಲೋ ಚೀಲ ಹೊತ್ತು ಮಧುಗಿರಿಯ ಬಂಡೆ ಏರುವಾಗ ಹಿಂದಿನ ಕಾಲನ್ನು ನೆಟ್ಟಗೆ ನಿಲ್ಲಿಸಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಒಂದು ಉಸಿರು ತೆಗೆದುಕೊಂಡ ಮೇಲೆ ಮುಂದಿನ ಹೆಜ್ಜೆ ಇಡುವುದನ್ನು ರೂಢಿಸಿಕೊಳ್ಳಬಹುದು. ಹಿಮದ ಏರಿನಲ್ಲಿ ತೊಡೆಯ ಶಕ್ತಿ ಉಳಿಸುವುದು ಇದೇ ನಡಿಗೆ. ಅದೇ ಚೀಲದೊಂದಿಗೆ ನಿಧಾನವಾಗಿ ಇಳಿದರೆ ಮಂಡಿಯೂ ಗಟ್ಟಿಯಾಗುತ್ತದೆ. ಆದರೆ ತುಮಕೂರು ಸುಮಾರು 2,700 ಅಡಿ ಎತ್ತರದಲ್ಲಿದ್ದರೆ ಮಧುಗಿರಿಯ ತುದಿ ಸುಮಾರು 3,900 ಅಡಿ. ಉಸಿರಾಟಕ್ಕೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಯೂನಮ್ ನೆತ್ತಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತಲೂ ಕಡಿಮೆ. ಅಲ್ಲಿಗೆ ಹೊಂದಿಕೊಳ್ಳಲು ಉಸಿರು ಆಳವಾಗಬೇಕು, ಮೂತ್ರಪಿಂಡ ರಕ್ತದ ಕ್ಷಾರವನ್ನು ಹೊರಹಾಕಬೇಕು. ಆ ಕೆಲಸ ನಡೆಯಲು ದಿನಗಳೇ ಹಿಡಿಯುತ್ತವೆ, ಅದನ್ನು ಊರಲ್ಲಿ ಕೂತು ಮುಗಿಸಿಕೊಂಡು ಹೋಗಲಾಗದು.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು–ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ನಿಲ್ಲಬೇಕು ಎಂಬುದು ಪರ್ವತ ವೈದ್ಯರ ಸಲಹೆ. ಇದನ್ನು ಯೂನಮ್ ದಾರಿಗೆ ಇಟ್ಟು ನೋಡಿ. ಜಿಸ್ಪಾ ಸುಮಾರು 3,200 ಮೀಟರ್, ಶಿಖರದ ಬುಡದ ಭರತ್‌ಪುರ ಸುಮಾರು 4,700. ಜೀಪು ಕೆಲವೇ ಗಂಟೆಗಳಲ್ಲಿ ಮುಟ್ಟಿಸುವ ಈ ಏರಿಗೆ ಮೈ ಕೇಳುವುದು ಮೂರು ರಾತ್ರಿ. ಟಾರು ರಸ್ತೆಯ ಸೌಕರ್ಯವೇ ಇಲ್ಲಿ ಅಪಾಯ.

ದಿನಾ ಹತ್ತು ಕಿಲೋಮೀಟರ್ ಓಡುವವರಿಗೆ ಇದೆಲ್ಲ ಯಾಕೆ ಎಂದು ಕೇಳುವವರುಂಟು. ಎತ್ತರದ ಕಾಯಿಲೆ ಗಟ್ಟಿಗರನ್ನು ಬಿಡುವುದಿಲ್ಲ. ಬೇಗ ಏರಬಲ್ಲವರು ಬೇಗ ಏರಿಯೇ ಅದಕ್ಕೆ ಸಿಕ್ಕುತ್ತಾರೆ. ಅಸಿಟಜೋಲಮೈಡ್ ಮಾತ್ರೆ ಇದೆಯಲ್ಲ ಎಂಬುದು ಇನ್ನೊಂದು ಮಾತು. ಅದು ಹೊಂದಾಣಿಕೆಯನ್ನು ಚುರುಕುಗೊಳಿಸುತ್ತದೆ, ಆದರೆ ಅದರ ಬದಲಿಗೆ ನಿಲ್ಲಲಾರದು. ವೈದ್ಯರನ್ನು ಕೇಳದೆ ನುಂಗುವಂಥದೂ ಅಲ್ಲ. ಸಿಗುವುದೇ ಒಂದು ವಾರ ರಜೆ ಎಂಬ ಮಾತಿನಲ್ಲಿ ಮಾತ್ರ ಹುರುಳಿದೆ. ಹಾಗಿದ್ದರೆ ಶಿಖರವನ್ನು ಬದಲಿಸಿ: ಚಳಿಗಾಲದಲ್ಲಿ ಹಿಮ ಹೊದ್ದಿರುವ, ಸುಮಾರು 3,800 ಮೀಟರಿನ ಕೇದಾರಕಂಠಕ್ಕೆ ಹೋಗಿ. ಇರುವ ದಿನಗಳಿಗೆ ತಕ್ಕ ಎತ್ತರವನ್ನು ಆರಿಸಿಕೊಳ್ಳುವುದರಲ್ಲಿ ಅವಮಾನವೇನಿದೆ?

ಬಿಡುವಿನ ದಿನ ಬೇಕಾಗಿರುವುದು ಮೈಗಷ್ಟೇ ಅಲ್ಲ, ಹವೆಗೂ. 2024ರ ಜೂನ್ ಆರಂಭದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ ಒಂಬತ್ತು ಮಂದಿ ತೀರಿಕೊಂಡರು. ಅವರಲ್ಲಿ ಪಳಗಿದ ಚಾರಣಿಗರೂ ಇದ್ದರು. ಅಂಥ ಗಾಳಿಯೆದುರು ಯಾರ ಕಸುವೂ ನಡೆಯದು. ನಾವು ಮಾಡಬಹುದಾದದ್ದು ಇಷ್ಟೆ: ಮೋಡ ಕವಿದ ದಿನ ಗುಡಾರದಲ್ಲೇ ಉಳಿಯುವಷ್ಟು ಸಮಯವನ್ನು ಮೊದಲೇ ತೆಗೆದಿಡುವುದು. ವಾಪಸಿನ ಟಿಕೆಟ್ ಮರುದಿನಕ್ಕೇ ಇದ್ದರೆ ಆಕಾಶ ಕಪ್ಪಾದರೂ ಏರುವ ಮನಸ್ಸಾಗುತ್ತದೆ, ತಲೆನೋವನ್ನು ಬಚ್ಚಿಡುವ ಮನಸ್ಸೂ ಆಗುತ್ತದೆ. ಆದ್ದರಿಂದ ಬೂಟು ಕೊಳ್ಳುವ ಮುನ್ನ ಕ್ಯಾಲೆಂಡರ್ ತೆರೆಯಿರಿ. ಮೂರು ದಿನ ಹೆಚ್ಚಿಗೆ ಸಿಗದಿದ್ದರೆ ಆ ಶಿಖರವನ್ನು ಮುಂದಿನ ವರ್ಷಕ್ಕೆ ಬಿಡಿ.