ಹೆಡ್ಡಿನ ಗಾಳಿ, ಕಬ್ಬಿನ ಟ್ರಾಲಿ

ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರದ ಲೇಥ್ ಅಂಗಡಿಗಳ ಮುಂದೆ ಟ್ರ್ಯಾಕ್ಟರ್ ಇಂಜಿನಿನ ಹೆಡ್ಡುಗಳು (ಸಿಲಿಂಡರಿನ ಮೇಲಿನ ಮುಚ್ಚಳ) ಸಾಲುಗಟ್ಟುತ್ತವೆ. ಸೀಟ್ ಕಟಿಂಗ್, ಗೈಡ್ ಬದಲಿ, ಫೇಸಿಂಗ್ ಹಳೆಯ ಕೆಲಸಗಳು. ಮೊಬೈಲಿನಲ್ಲಿ ಪಂಜಾಬಿನ ಟೋಚನ್ (ಟ್ರ್ಯಾಕ್ಟರುಗಳ ಹಗ್ಗಜಗ್ಗಾಟ), ಅಮೆರಿಕದ ಟ್ರ್ಯಾಕ್ಟರ್ ಪುಲ್ಲಿಂಗ್ ನೋಡಿದ ಹುಡುಗರು ಈಗ ಇನ್ನೊಂದನ್ನು ಕೇಳುತ್ತಾರೆ: ಪೋರ್ಟ್ (ಹೆಡ್ಡಿನೊಳಗಿನ ಗಾಳಿಯ ದಾರಿ) ಕೆತ್ತಿಕೊಡಿ, ಗಾಳಿ ಹೆಚ್ಚಿಗೆ ಹೋಗಬೇಕು. ಅವರ ಬಾಯಲ್ಲಿ ಸಿಎಫ್‌ಎಂ ಲೆಕ್ಕವೂ ಇರುತ್ತದೆ. ಲೆಕ್ಕ ಸುಳ್ಳಲ್ಲ. ಆದರೆ ಅದು ಕಬ್ಬು ಎಳೆಯುವ ಗಾಡಿಯ ಲೆಕ್ಕವಲ್ಲ ಎಂಬುದೇ ನನ್ನ ತಕರಾರು.

ಸಿಎಫ್‌ಎಂ ಎಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬ ಅಳತೆ. ಹೆಡ್ಡನ್ನು ಫ್ಲೋ ಬೆಂಚಿನ ಮೇಲೆ ಕೂರಿಸಿ, ವಾಲ್ವನ್ನು ಇಂತಿಷ್ಟು ಎತ್ತಿ, ಒಂದೇ ಸಮನೆ ಗಾಳಿ ಎಳೆದು ಅಳೆಯುತ್ತಾರೆ. ಎಳೆತವನ್ನು ನೀರಿನ ಇಂಚಿನಲ್ಲಿ ಹೇಳುವುದು ರೂಢಿ. ಮೊದಲ ಮೋಸ ಇಲ್ಲೇ. 10 ಇಂಚಿನಲ್ಲಿ 100 ಸಿಎಫ್‌ಎಂ ಕೊಟ್ಟ ಪೋರ್ಟ್, ಏನೂ ಕೆತ್ತದೆ, 28 ಇಂಚಿನಲ್ಲಿ ಸುಮಾರು 167 ಕೊಡುತ್ತದೆ. ಇಂಚು ಹೇಳದೆ ಎರಡು ಹೆಡ್ಡುಗಳನ್ನು ಹೋಲಿಸುವವನ ಮಾತನ್ನು ಅಲ್ಲಿಗೇ ಬಿಡಬಹುದು.

ಇನ್ನು ನಮ್ಮ ಗಾಡಿ. 3 ಲೀಟರಿನ, ಮೂರು ಸಿಲಿಂಡರಿನ, ಟರ್ಬೊ ಇಲ್ಲದ ಇಂಜಿನ್ 2000 ಆರ್‌ಪಿಎಂನಲ್ಲಿ ಓಡುತ್ತಿದೆ ಎನ್ನಿ. ಎರಡು ಸುತ್ತಿಗೊಮ್ಮೆ 3 ಲೀಟರ್ ಸೇದಿದರೆ ನಿಮಿಷಕ್ಕೆ 3000 ಲೀಟರ್. ಅಂದರೆ ಇಡೀ ಇಂಜಿನಿಗೆ 106 ಸಿಎಫ್‌ಎಂ, ಅದೂ ಸಿಲಿಂಡರ್ ಪೂರ್ತಿ ತುಂಬಿದರೆ. ಪೋರ್ಟಿನ ಅಡ್ಡಿ ವೇಗದ ವರ್ಗದಂತೆ ಏರುತ್ತದೆ: ಆರ್‌ಪಿಎಂ ಇಮ್ಮಡಿಯಾದರೆ ಅಡ್ಡಿ ನಾಲ್ಮಡಿ. ಪುಲ್ಲಿಂಗ್ ಪೈಪೋಟಿಯಲ್ಲಿ 4000 ದಾಟಿಸುವವರಿಗೆ ಅದು ನಿಜಕ್ಕೂ ಗೋಡೆ. ಎರಡು ಟ್ರಾಲಿ ಕಟ್ಟಿಕೊಂಡು ಮುರುಮದ ವಿಠ್ಠಲಸಾಯಿ ಕಾರ್ಖಾನೆಯ ಕಡೆ ತೆವಳುವ ಗಾಡಿಗೆ ಅಲ್ಲ. 2000ದಲ್ಲಿ ಪೋರ್ಟಿನಿಂದ ಆಗುವ ನಷ್ಟ ಶೇ. 4 ಎಂದೇ ಹಿಡಿಯೋಣ. ಹರಿವು ಶೇ. 10 ಹೆಚ್ಚಿಸಿದರೆ ಆ ನಾಲ್ಕರಲ್ಲಿ ಬರೀ ಶೇ. 0.7ರಷ್ಟು ಉಳಿತಾಯವಾಗುತ್ತದೆ. 50 ಎಚ್‌ಪಿ ಇಂಜಿನಿನಲ್ಲಿ ಅದು ಅರ್ಧ ಎಚ್‌ಪಿಗೂ ಕಡಿಮೆ. ಅದೂ ಪಂಪಿನಲ್ಲಿ ಡೀಸೆಲ್ ಹೆಚ್ಚಿಸಿದರೆ ಮಾತ್ರ. ಡೀಸೆಲ್ ಇಂಜಿನಿನ ದಮ್ಮು ಗಾಳಿಯ ಬಾಗಿಲಿನಲ್ಲಿಲ್ಲ, ಪಂಪಿನಲ್ಲಿದೆ.

ಕಳೆದುಕೊಳ್ಳುವುದು ಈ ಗಳಿಕೆಗಿಂತ ದೊಡ್ಡದು. ಹೆಡ್ಡನ್ನು ಬೋರಲು ಹಾಕಿ ಇನ್‌ಲೆಟ್ ಪೋರ್ಟಿನೊಳಗೆ ಬೆರಳು ಆಡಿಸಿದರೆ, ಗೈಡಿನ ಹತ್ತಿರ ಒಂದು ಉಬ್ಬು ಸಿಗುತ್ತದೆ; ದಾರಿ ಅಲ್ಲಿ ಶಂಖದಂತೆ ಸುತ್ತಿಕೊಂಡಿರುತ್ತದೆ. ಎರಕದ ದೋಷವೆಂದು ಗ್ರೈಂಡರ್ ಮೊದಲು ತೆಗೆಯುವುದು ಅದನ್ನೇ. ಬೆಂಚಿನ ಅಂಕಿ ಏರುತ್ತದೆ, ಯಾಕೆಂದರೆ ಅಡ್ಡಿ ಹೋಯಿತು. ಆದರೆ ಗಾಳಿಯನ್ನು ಸಿಲಿಂಡರಿನೊಳಗೆ ಗಿರಕಿ ಹೊಡೆಸುತ್ತಿದ್ದುದು ಆ ಸುತ್ತೇ. ಹಳೆಯ ನೇರ ಇಂಜೆಕ್ಷನ್ನಿನ ಇಂಜಿನ್‌ಗಳಲ್ಲಿ ನಾಲ್ಕೈದು ತೂತಿನ ನಾಜಲ್ ಚಿಮ್ಮಿಸಿದ ಡೀಸೆಲ್ ಗಾಳಿಯಲ್ಲಿ ಬೆರೆಯುವುದು ಆ ಗಿರಕಿಯಿಂದ. ಅದಿಲ್ಲದಿದ್ದರೆ ಸಾರಿಗೆ ಒಗ್ಗರಣೆ ಕೊಟ್ಟು ತಿರುವದೇ ಬಿಟ್ಟ ಹಾಗೆ. ಗಾಳಿ ಹೆಚ್ಚು, ಹೊಗೆ ಕಪ್ಪು, ಡೀಸೆಲ್ ಖರ್ಚು ಜಾಸ್ತಿ. ಹೆಚ್ಚಿನ ಒತ್ತಡದ ಕಾಮನ್ ರೈಲ್ ಇಂಜಿನ್‌ಗಳಿಗೆ ಈ ಸುತ್ತಿನ ಹಂಗು ಕಡಿಮೆ. 2023ರ ಜನವರಿಯಿಂದ 50 ಎಚ್‌ಪಿ ಮೀರಿದ ಟ್ರ್ಯಾಕ್ಟರುಗಳಿಗೆ ಟ್ರೆಮ್ 4 ಎಂಬ ಹೊಗೆ ನಿಯಮ ಬಂದ ಮೇಲೆ ಅಂಥವು ನಮ್ಮ ಕಡೆಗೂ ಬಂದಿವೆ. ಆದರೆ ಲೇಥ್ ಅಂಗಡಿಗೆ ಬರುವವು ಹೆಚ್ಚಾಗಿ ಹಳೆಯವೇ.

ಎರಡು ಹೆಡ್ಡುಗಳ ಹೋಲಿಕೆಗೆ ನಿಜವಾದ ಅರ್ಥ ಬರುವುದು ಲಾರಿಯ ಇಂಜಿನಿನಲ್ಲಿ. ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಉಮರ್ಗಾ ದಾಟುವ ಹಳೆಯ ಟಾಟಾ ಲಾರಿಗಳಲ್ಲಿ ಎಷ್ಟೋ 5.9 ಲೀಟರ್ ಕಮಿನ್ಸ್ ಇಂಜಿನಿನವು. ಅದೇ ಮನೆತನದ ಇಂಜಿನ್ 1989ರಿಂದ ಅಮೆರಿಕದ ಡಾಜ್ ಗಾಡಿಗಳಲ್ಲಿ 12 ವಾಲ್ವಿನ ಹೆಡ್ಡಿನೊಂದಿಗೆ ಓಡಿತು, 1998ರಲ್ಲಿ 24 ವಾಲ್ವಾಯಿತು. ಹೊಸ ಹೆಡ್ಡಿನಲ್ಲಿ ಸಿಲಿಂಡರಿಗೆ ನಾಲ್ಕು ವಾಲ್ವು, ನಾಜಲ್ ನಟ್ಟ ನಡುವೆ ನೆಟ್ಟಗೆ ನಿಂತಿದೆ. ಹಳೆಯದರಲ್ಲಿ ಅದು ಪಕ್ಕಕ್ಕೆ, ಓರೆಯಾಗಿ. ಗಾಳಿ ಹೆಚ್ಚಿದ್ದಷ್ಟೇ ಅಲ್ಲ, ಡೀಸೆಲ್ ಹರಡುವ ಜಾಗವೂ ಸರಿಹೋಯಿತು. ಹೆಡ್ಡಿನ ಬದಲಾವಣೆ ಎಂದರೆ ಇದು. ಟರ್ಬೊ ಇರುವ ಇಂಜಿನಿನಲ್ಲಿ ಇನ್ನೊಂದು ಸೂಕ್ಷ್ಮ: ಗಾಳಿ ಅಷ್ಟೇ ಹೋಗುತ್ತಿದ್ದರೆ, ಒಳ್ಳೆಯ ಹೆಡ್ಡು ಹಾಕಿದ ಮೇಲೆ ಬೂಸ್ಟ್ ಮೀಟರಿನ ಮುಳ್ಳು ಇಳಿಯಬೇಕು. ಮುಳ್ಳು ಏರಿತೆಂದು ಖುಷಿಪಡುವವರು ಅಡ್ಡಿಯನ್ನೇ ಅಳೆಯುತ್ತಿರಬಹುದು.

ಬೆಂಚಿನ ಅಂಕಿಗಿಂತ ನಮ್ಮ ಮಿಸ್ತ್ರಿಗಳ ಹಳೆಯ ಪರೀಕ್ಷೆಯೇ ನನಗೆ ಮೆಚ್ಚುಗೆ. ವಾಲ್ವು ಲ್ಯಾಪ್ ಮಾಡಿ, ಸ್ಪ್ರಿಂಗ್ ಕೂರಿಸಿ, ಪೋರ್ಟಿಗೆ ಸೀಮೆಎಣ್ಣೆ ಹುಯ್ದು, ವಾಲ್ವಿನ ಅಂಚು ಒದ್ದೆಯಾಗುತ್ತದೋ ಎಂದು ನೋಡುತ್ತಾರೆ. ಅವರಲ್ಲೂ ಕೆಲವರು ಬಿಡುವುದು ಒಂದನ್ನು: ಸೀಟನ್ನು ಮತ್ತೆ ಮತ್ತೆ ಕತ್ತರಿಸಿದಾಗ ವಾಲ್ವು ಹೆಡ್ಡಿನ ಮುಖದಿಂದ ಎಷ್ಟು ಒಳಗೆ ಹೋಯಿತೆಂಬ ಅಳತೆ. ಅಲ್ಲಿ ಉಳಿದ ಖಾಲಿ ಜಾಗದಿಂದ ಕಂಪ್ರೆಶನ್ ಇಳಿಯುತ್ತದೆ. ಚಳಿಯ ಬೆಳಗ್ಗೆ ಬಿಳಿ ಹೊಗೆ, ಸ್ಟಾರ್ಟ್ ಆಗಲು ತಕರಾರು. ಅದಕ್ಕೆ ಮದ್ದು ಹೊಸ ಸೀಟು, ಗ್ರೈಂಡರ್ ಅಲ್ಲ. ಹಾಗೆಯೇ ತಳದಲ್ಲಿ ಎಣ್ಣೆಯಿರುವ ಏರ್ ಕ್ಲೀನರಿನ ಬಟ್ಟಲು ಬಿಚ್ಚಿ ನೋಡಿ. ಕಬ್ಬಿನ ರಸ್ತೆಯ ಧೂಳು ಎಣ್ಣೆಗೆ ಸೇರಿ ಕೆಸರಾಗಿ ಕೂತಿದ್ದರೆ, ಗಾಳಿ ಪೋರ್ಟಿಗೆ ಬರುವ ಮೊದಲೇ ಉಸಿರು ಕಟ್ಟಿರುತ್ತದೆ.